ಎಡರೆಕ್ಕೆಯ ಹದಿನಾರು

ಹದಿನಾರೂ ಎಡರೆಕ್ಕೆಯ ಗರಿಗಳೇ ಆಗಬೇಕು, ಅಮ್ಮ ಹೇಳುತ್ತಿದ್ದಳು,
ಬಲದ್ದೊಂದು ನುಸುಳಿತೋ
ಶಟಲ್ ಕುಡಿದವನ ಹಾಗೆ ತೂರಾಡುತ್ತದೆ.
ತೆಗಾಲ್ ಊರಿನ ಹಿಂಬೀದಿಯಲ್ಲಿ
ಬಾತುಗರಿ ತೊಳೆದ ನೀರು
ಅಕ್ಕಿಗಚ್ಚಿನ ಬಣ್ಣಕ್ಕೆ ತಿರುಗಿ ಚರಂಡಿಗಿಳಿಯುತ್ತಿತ್ತು.
ನಾನು ಅಂಟು ಹಚ್ಚುವವಳು. ಅಕ್ಕ ಪರೀಕ್ಷೆಯವಳು:
ಒಂದೊಂದನ್ನೂ ಹೊಡೆದು, ಬಿದ್ದ ಜಾಗ ನೋಡಿ
ಸರಿ, ಓಡುತ್ತೆ, ಸತ್ತಿದೆ.
ಮೂರು ಬುಟ್ಟಿ.
ದಿನಕ್ಕೆ ಆರುನೂರು, ಡಜನ್ ಲೆಕ್ಕದಲ್ಲಿ ಕೂಲಿ.
ಬಲೆ ದಾಟಿದೊಡನೆ ಪ್ರಾಣ ಬಿಡುವ ಅವಳ ಆ ಡ್ರಾಪ್
ಯಾವ ಕೋಚೂ ಕಲಿಸಿದ್ದಲ್ಲ,
ಮೂರನೇ ಬುಟ್ಟಿಯಿಂದ ಕಲಿತದ್ದು.

ಹುಟ್ಟಿದಾಗ ಲಿಯೆಮ್ ಸ್ವಾನ್ ನಿಯೊ.
ಹದಿನೈದು ತುಂಬಿದ ವರ್ಷ ಚೀನೀ ಹೆಸರು ಆಗದು ಎಂದರು.
ಕಚೇರಿಯ ಗುಮಾಸ್ತ ಪಟ್ಟಿ ಓದುತ್ತ ಹೋದ,
ಅಪ್ಪ ಕೆಮ್ಮಿದಲ್ಲಿ ನಿಲ್ಲಿಸಿದ:
ವಿನಾರ್ತಿ ಹಲೀಮ್.
ಮನೆಯೊಳಗೆ ಮಾತ್ರ ಸ್ವಾನ್,
ಅದೂ ಬಾಗಿಲು ಹಾಕಿಕೊಂಡ ಮೇಲೆ.

ಜಕಾರ್ತದ ಶಿಬಿರದಿಂದ ಕಾಗದ ಬರುತ್ತಿತ್ತು.
ಬೆಳಗಿನ ನಾಲ್ಕಕ್ಕೆ ಮೆಟ್ಟಿಲು ಹತ್ತಿಸುತ್ತಾರೆ,
ಕಾಲುಗುರು ಎರಡು ಹೋದವು,
ಇಲ್ಲಿನ ಶಟಲ್‌ಗೆ ಅಂಟು ಜಾಸ್ತಿ, ನಿನ್ನ ಕೈಯದಲ್ಲ.
ಅಮ್ಮನಿಗೆ ಹೇಳಬೇಡ ಎಂದು ಕೊನೆಗೆ ಬರೆದದ್ದನ್ನೆಲ್ಲ
ಅಮ್ಮನೇ ಮೊದಲು ಓದುತ್ತಿದ್ದಳು.

ಕೋಪನ್‌ಹೇಗನ್ನಿನ ಫೈನಲ್ ದಿನ
ಗರಿರಾಶಿಯ ಮೇಲೆ ರೇಡಿಯೊ ಇಟ್ಟು ಕೂತೆವು.
ಮೂರನೇ ಗೇಮು, ಒಂಬತ್ತು ಒಂಬತ್ತು,
ಅಷ್ಟರಲ್ಲಿ ಬ್ಯಾಟರಿ ಕುಸಿದು
ವರದಿಗಾರ ಬಾವಿಗೆ ಬಿದ್ದವನಂತೆ ಕೂಗುತ್ತಿದ್ದ.
ಅಪ್ಪ ಸೆಲ್ ತೆಗೆದು ಕಂಕುಳಲ್ಲಿ ಬೆಚ್ಚಗೆ ಮಾಡಿ ಮತ್ತೆ ಹಾಕಿದ.
ಅಷ್ಟರೊಳಗೆ ಗೆದ್ದುಬಿಟ್ಟಿದ್ದಳು.
ಆ ಕೊನೆಯ ಪಾಯಿಂಟು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.
ಅಮ್ಮ ದಡಕ್ಕನೆ ಎದ್ದ ರಭಸಕ್ಕೆ
ಗರಿಗಳೆಲ್ಲ ಹಾರಿ ಜಂತಿಗೆ, ಜೇಡರಬಲೆಗೆ, ಅನ್ನದ ಪಾತ್ರೆಗೆ.
ಎರಡು ದಿನ ಕೂತು ಮತ್ತೆ ಆರಿಸಿದೆವು,
ಎಡ, ಬಲ, ಎಡ, ಎಡ.

ಜೀಪಿನಲ್ಲಿ ಮೆರವಣಿಗೆ. ಮಲ್ಲಿಗೆ ಹಾರ.
ನಮ್ಮೂರ ಮಗಳು ಎಂದು ಮೈಕಿನಲ್ಲಿ ಮೂರು ಸಲ.
ನಾಲ್ಕನೆಯ ತಿಂಗಳು, ಮುಂದಿನ ಪಂದ್ಯಕ್ಕೆ ಪಾಸ್‌ಪೋರ್ಟು ಕೇಳಲು ಹೋದರೆ
ನೀವು ಈ ದೇಶದವರೆಂಬ ಪತ್ರ ಎಲ್ಲಿ ಅಂದರು.

ಆ ಕಿಟಕಿಯ ಹಿಂದಿನ ಗೋಡೆಗೆ
ಅಕ್ಕನದೇ ಚಿತ್ರವಿದ್ದ ಕ್ಯಾಲೆಂಡರು ತೂಗುತ್ತಿತ್ತಂತೆ,
ಊರವರು ಈಗಲೂ ಹಾಗೇ ಹೇಳುತ್ತಾರೆ.
ಸುಳ್ಳು. ಅಲ್ಲಿದ್ದದ್ದು ಒಂದು ದೊಡ್ಡ ಹಲ್ಲಿ.
ನಾಲ್ಕು ತಾಸು ಅದರ ಕೂಗನ್ನೇ ಎಣಿಸಿದೆ ಎಂದಳು:
ಕೊಡುತ್ತಾರೆ, ಕೊಡಲ್ಲ, ಕೊಡುತ್ತಾರೆ.
ಹಲ್ಲಿ ನಡುವೆಯೇ ಸುಮ್ಮನಾಯಿತು.
ಸಿಟ್ಟು ಬರಲಿಲ್ಲವೇ ಎಂದರೆ
ಬೆವರು ಬಂತು, ಫ್ಯಾನು ಕೆಟ್ಟಿತ್ತು, ಅಷ್ಟೇ ಅವಳ ಉತ್ತರ.

ಪತ್ರ ಸಿಕ್ಕಿತು. ಆಡಿದಳು. ಇನ್ನೂ ಆರು ವರ್ಷ.
ಗೆದ್ದದ್ದಿದೆ, ಹದಿನೇಳರ ಹುಡುಗಿಯ ಎದುರು
ಮೊದಲ ಸುತ್ತಿನಲ್ಲೇ ಸೋತದ್ದಿದೆ.
ಎಡ ಮಂಡಿ ಕೈಕೊಟ್ಟಿತು, ಚಹಾದಂಗಡಿ ಇಟ್ಟಳು.
ಮಣ್ಣಿನ ಹೂಜಿಯಲ್ಲಿ ಮಲ್ಲಿಗೆ ಚಹಾ,
ಕಲ್ಲುಸಕ್ಕರೆ ಕದಡಬಾರದು, ತಾನೇ ಕರಗಬೇಕು
ಎಂದು ಗಿರಾಕಿಗಳಿಗೆ ಗದರುತ್ತಾಳೆ.
ಟಿವಿಯಲ್ಲಿ ಬ್ಯಾಡ್ಮಿಂಟನ್ ಬಂದರೆ ಚಾನೆಲ್ ಬದಲಿಸುತ್ತಾಳೆ,
ಮತ್ತೆ ಸ್ಕೋರ್ ಏನಾಯಿತು ಎಂದು ನನ್ನನ್ನು ಕೇಳುತ್ತಾಳೆ.

ಮೊನ್ನೆ, ನಮ್ಮ ಕೊಟ್ಟಿಗೆಯಂಥ ಕಾರ್ಖಾನೆ ಮುಚ್ಚುವ ದಿನ,
ಕೊನೆಯ ಶಟಲಿಗೆ ಬೇಕೆಂದೇ
ಬಲರೆಕ್ಕೆಯ ಗರಿಯೊಂದನ್ನು ಸೇರಿಸಿದೆ.
ಅವಳಿಗೆ ಹೇಳಲಿಲ್ಲ.
ಎಪ್ಪತ್ತರ ಅಕ್ಕ ಹಳೇ ರ‍್ಯಾಕೆಟ್ ಹಿಡಿದು
ಅಂಗಳದಲ್ಲಿ ನಿಂತು ಹೊಡೆದಳು.
ಮೇಲೇರಿತು, ತೂರಾಡಿತು,
ಒಣಹಾಕಿದ ಬಟ್ಟೆಗಳ ಕಡೆಗೆ ಹೊರಳಿ, ಮನಸ್ಸು ಬದಲಿಸಿ,
ಪಕ್ಕದ ಮನೆಯ ಬಾಳೆಯತ್ತ ವಾಲಿತು.
ಯಾವ ಬುಟ್ಟಿ, ಎಂದೆ.
ಅವಳಿಗೆ ಕೇಳಿಸಲಿಲ್ಲ.
ಆ ಮಂಡಿಯಲ್ಲೇ
ಆಗಲೇ ಓಡಿದ್ದಳು.